ಬಿಟ್ಟ ಸ್ಥಳ ತುಂಬುವ ಮೇಷ್ಟ್ರು

ನಮ್ಮ ಮನೆಯವರು ಇಪ್ಪತ್ತೆಂಟು ವರ್ಷದಿಂದ ಜನರಿಗೆ ಮಾತು ಕಲಿಸುತ್ತಿದ್ದಾರೆ. ಮಕ್ಕಳಿಗಲ್ಲ, ದೊಡ್ಡವರಿಗೆ. ಬೇರೆ ಕಡೆಯಿಂದ ದುಡಿಯಲು ಬಂದು, ಇಲ್ಲಿಯ ಭಾಷೆ ಬಾರದೆ, ಅಂಗಡಿಯಲ್ಲಿ ಬೆರಳು ತೋರಿಸಿ ಸಾಮಾನು ಕೊಳ್ಳುವವರಿಗೆ. ಬಸ್ ಡಿಪೋದ ಮಹಡಿಯ ಮೇಲೆ ಒಂದು ಕೋಣೆ, ಮಧ್ಯಾಹ್ನ ಮೂರರಿಂದ ಐದರವರೆಗೆ ಪಾಠ. ಕೆಳಗೆ ಡ್ರೈವರ್ ಬಸ್ಸನ್ನು ಹಿಂದಕ್ಕೆ ತೆಗೆಯುವಾಗ ಕಿಟಕಿಯ ಗಾಜು ಗಡಗಡ ನಡುಗುತ್ತದೆ. ಆಗ ಇವರು ಸುಮ್ಮನಾಗುತ್ತಾರೆ. ಸುಮ್ಮನಾಗುವುದು ಆಗ ಮಾತ್ರ.

ಇವರಿಗೊಂದು ಚಾಳಿ. ಎದುರಿಗಿದ್ದವರು ಮಾತಿನ ಮಧ್ಯೆ ಒಂದು ಕ್ಷಣ ತಡವರಿಸಿದರೆ ಸಾಕು, ಉಳಿದದ್ದನ್ನು ಇವರೇ ಹೇಳಿ ಮುಗಿಸಿಬಿಡುತ್ತಾರೆ. ಶಾಲೆಯ ಪುಸ್ತಕದಲ್ಲಿ ‘ಬಿಟ್ಟ ಸ್ಥಳ ತುಂಬಿರಿ’ ಅಂತ ಇರುತ್ತಿತ್ತಲ್ಲ, ಇವರಿಗೆ ಲೋಕವೆಲ್ಲ ಬಿಟ್ಟ ಸ್ಥಳವೇ. ಮದುವೆಯಾದ ಹೊಸತರಲ್ಲಿ ನನಗೆ ಇದು ಹಿತವಾಗಿಯೇ ಇತ್ತು, ಸುಳ್ಳೇಕೆ ಹೇಳಲಿ. “ನನಗೆ ಒಂದು ಲೋಟ...” ಅನ್ನುವಷ್ಟರಲ್ಲಿ ನೀರು ಕೈಗೆ ಬರುತ್ತಿತ್ತು. ಮನಸ್ಸು ಓದುವ ಗಂಡ ಸಿಕ್ಕಿದ್ದಾನೆ ಅಂತ ನಮ್ಮಕ್ಕನ ಮುಂದೆ ಜಂಬ ಕೊಚ್ಚಿಕೊಂಡಿದ್ದೆ. ನಾನು ಕೇಳಬೇಕೆಂದಿದ್ದದ್ದು ಚಹಾ. ಹೇಳಲು ಸಂಕೋಚವಾಗಿ ನೀರನ್ನೇ ಕುಡಿದೆ. ಮೂವತ್ತೊಂದು ವರ್ಷದ ತಪ್ಪು ಅಲ್ಲಿಂದಲೇ ಶುರುವಾಯಿತು.

ಇವರನ್ನು ಬೈಯುವುದಕ್ಕೂ ಮನಸ್ಸು ಬರುವುದಿಲ್ಲ. ಐದೂವರೆಗೆ ಮನೆಗೆ ಬಂದು ಬಾಗಿಲ ಪಕ್ಕದ ಬೆಂಚಿನ ಮೇಲೆ ಕುಸಿದು ಕೂರುತ್ತಾರೆ. ಒಂದು ಶೂ ಬಿಚ್ಚುತ್ತಾರೆ. ಇನ್ನೊಂದನ್ನು ಬಿಚ್ಚಲು ಬಗ್ಗುವಷ್ಟು ತ್ರಾಣ ಇರುವುದಿಲ್ಲ, ಹಾಗೇ ಗೋಡೆಗೆ ತಲೆ ಆನಿಸಿ ಕಣ್ಣು ಮುಚ್ಚುತ್ತಾರೆ. ತೋಳಿನ ತುಂಬ ಸೀಮೆಸುಣ್ಣದ ಪುಡಿ. ನಾನು ಹತ್ತಿರ ಹೋಗಿ “ರೀ, ನನಗೆ...” ಅಂತ ಬಾಯಿ ತೆರೆದರೆ, ಕಣ್ಣು ಮುಚ್ಚಿಕೊಂಡೇ “ಮಂಡಿ ನೋವು ತಾನೇ? ಗೊತ್ತು ಕಣೇ, ನಾಳೆ ಮುಲಾಮು ತರ್ತೀನಿ” ಅನ್ನುತ್ತಾರೆ. ತರುತ್ತಾರೆ ಕೂಡ. ಮರೆಯುವ ಜಾತಿಯಲ್ಲ. ಕನ್ನಡಿ ಹಿಂದಿನ ಕಪಾಟಿನಲ್ಲಿ ಮುಲಾಮಿನ ಟ್ಯೂಬುಗಳು ಸಾಲಾಗಿ ನಿಂತಿವೆ.

ನನ್ನ ಕೆಲಸ ದೊಡ್ಡಾಸ್ಪತ್ರೆಯ ಹೊಲಿಗೆ ಕೋಣೆಯಲ್ಲಿ. ಹರಿದ ಚಾದರ, ದಿಂಬಿನ ಚೀಲ, ರೋಗಿಗಳಿಗೆ ತೊಡಿಸುವ ನಿಲುವಂಗಿ, ಇವಕ್ಕೆಲ್ಲ ತೇಪೆ ಹಾಕುವುದು. ಗೋಡೆಯಾಚೆ ಲಾಂಡ್ರಿ. ಅಲ್ಲಿ ಒಗೆದು ಒಣಗಿದ ಬಟ್ಟೆಯಲ್ಲಿ ಹರಿದದ್ದನ್ನು ಆರಿಸಿ ನನ್ನ ಮೇಜಿಗೆ ತಂದು ಹಾಕುವವಳೇ ಚಾದರದಕ್ಕ. ಅವಳಿಗೆ ಹೆಸರಿಲ್ಲ ಅಂತಲ್ಲ, ಇದೆ. ಆದರೆ ಏಳು ವರ್ಷದ ಹಿಂದೆ ಕೆಲಸಕ್ಕೆ ಸೇರಿದಾಗ ಅವಳಿಗೆ ಇಲ್ಲಿಯ ಭಾಷೆಯಲ್ಲಿ ಬರುತ್ತಿದ್ದದ್ದು ‘ಚಾದರ’ ಅನ್ನುವ ಒಂದೇ ಮಾತು. ಹಸಿವಾದರೂ ಚಾದರ, ತಲೆ ನೋವಾದರೂ ಚಾದರ. ಆಸ್ಪತ್ರೆಗೆಲ್ಲ ಅವಳು ಚಾದರದಕ್ಕನಾದಳು.

ಲಾಂಡ್ರಿಯ ಆವಿ, ಬ್ಲೀಚಿನ ಘಾಟು ಅವಳ ಎದೆ ಹಿಡಿದಿತ್ತು. ಕೆಮ್ಮು ಶುರುವಾದರೆ ಗೋಡೆಯಾಚೆಯಿಂದ ನನ್ನ ಮಶೀನಿನ ಸದ್ದನ್ನೂ ಮೀರಿ ಕೇಳಿಸುತ್ತಿತ್ತು. “ಇನ್ನೊಂದು ವರ್ಷ ಆ ಆವಿಯಲ್ಲಿ ನಿಂತರೆ ಶ್ವಾಸಕೋಶ ಕೈಗೆ ಬರುತ್ತೆ” ಅಂತ ಡಾಕ್ಟರು ಮುಖಕ್ಕೆ ಹೊಡೆದ ಹಾಗೆ ಹೇಳಿದ್ದರು. ಉಳಿದಿದ್ದದ್ದು ಒಂದೇ ದಾರಿ, ವಾರ್ಡಿನಲ್ಲಿ ಆಯಾ ಕೆಲಸ. ಅದಕ್ಕೆ ನರ್ಸುಗಳ ಮೇಲಧಿಕಾರಿ ಮೇಟ್ರನ್ ಮುಂದೆ ಕೂತು ಇಲ್ಲಿಯ ಭಾಷೆಯಲ್ಲಿ ಮಾತಾಡಿ ತೋರಿಸಬೇಕು. ಎರಡು ಸಲ ಮಾತ್ರ ಅವಕಾಶ. ಎರಡೂ ಕೈತಪ್ಪಿದರೆ ಆವಿಯೇ ಗತಿ.

“ನಮ್ಮ ಮನೆಯವರ ಪಾಠಕ್ಕೆ ಹೋಗು, ಬಾಯಿಗೆ ಮಾತು ಬರುತ್ತೆ” ಅಂತ ಕಳಿಸಿದವಳು ನಾನೇ. ಅದಕ್ಕೇ ಮುಂದೆ ಆದದ್ದೆಲ್ಲ ನನ್ನ ತಲೆಗೂ ಸುತ್ತಿಕೊಂಡಿತು.

ಹೋದಳು. ಆರು ತಿಂಗಳು ಒಂದು ದಿನವೂ ತಪ್ಪಿಸಲಿಲ್ಲ. ಇವರಂತೂ ಖುಷಿಯಾಗಿದ್ದರು. “ಚಾದರದಕ್ಕ ಬಲು ಚುರುಕು ಕಣೇ. ಅರ್ಧ ವಾಕ್ಯ ಅವಳೇ ಹೇಳ್ತಾಳೆ.” ಇನ್ನರ್ಧ ಯಾರು ಹೇಳುತ್ತಾರೆ ಅಂತ ನನಗೂ ಕೇಳಬೇಕು ಅನ್ನಿಸಲಿಲ್ಲ. ಇಂಟರ್‌ವ್ಯೂಗೆ ಬರಬಹುದಾದ ಹನ್ನೆರಡು ಪ್ರಶ್ನೆ ಬರೆಸಿ, ಹನ್ನೆರಡು ಉತ್ತರ ಉರು ಹೊಡೆಸಿದರು. ‘ನಿನಗೆ ವಾರ್ಡಿನ ಕೆಲಸ ಯಾಕೆ ಬೇಕು’ ಅನ್ನುವುದು ಒಂಬತ್ತನೆಯದು. ಅವಳು ‘ಯಾಕೆಂದರೆ’ ಅಂತ ಹೇಳಿ ತಲೆ ಎತ್ತಿ ನೋಡುತ್ತಿದ್ದಳು. ಇವರು ‘ರೋಗಿಗಳ ಸೇವೆ ಮಾಡಲು ನನಗೆ ಇಷ್ಟ’ ಅಂತ ಮುಗಿಸುತ್ತಿದ್ದರು. ಅವಳು ತಲೆಯಾಡಿಸುತ್ತಿದ್ದಳು. ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು.

ಇಂಟರ್‌ವ್ಯೂ ಆದ ಮಾರನೆಯ ದಿನ ಹರಿದ ಬಟ್ಟೆಯ ಗಂಟು ಹೊತ್ತು ನನ್ನ ಕೋಣೆಗೆ ಬಂದಳು. ಕಣ್ಣು ಕೆಂಪಗಿತ್ತು. ನನ್ನ ಬಾಯಲ್ಲಿ ಆಗ ಏಳೆಂಟು ಗುಂಡುಪಿನ್ನುಗಳು. ಇದು ನನ್ನ ಕೆಲಸದ ರೀತಿ. ಒಂದು ಕೈಯಲ್ಲಿ ಬಟ್ಟೆ ಹಿಡಿದು, ಇನ್ನೊಂದರಲ್ಲಿ ಮಡಿಸುವಾಗ ಪಿನ್ನು ತುಟಿಯ ನಡುವೆ ಇರಬೇಕು, ಇಲ್ಲದಿದ್ದರೆ ಕೆಲಸ ಓಡುವುದಿಲ್ಲ. ಮಾತಾಡುವುದಿರಲಿ, ‘ಹೂಂ’ ಅನ್ನುವುದೂ ಕಷ್ಟ. ಹುಬ್ಬು ಹಾರಿಸಿ ‘ಏನಾಯ್ತು’ ಅಂತ ಕೇಳಿದೆ.

“ಆಗಿಲ್ಲ ಅಕ್ಕ. ಮೇಟ್ರನ್ ಕೇಳಿದ್ರು, ವಾರ್ಡ್ ಯಾಕೆ ಬೇಕು. ನಾನು ಹೇಳಿದೆ, ಯಾಕೆಂದರೆ. ಆಮೇಲೆ ನೋಡಿದೆ.”

ನಾನು ಪಿನ್ನು ಚುಚ್ಚುತ್ತಾ ಕಾದೆ. ಕಾಯದೆ ವಿಧಿಯಿರಲಿಲ್ಲ.

“ಮೇಟ್ರನ್ ಮುಖ ನೋಡಿದೆ. ಪಾಠದಲ್ಲಿ ಸಾರ್ ಮುಖ ನೋಡ್ತೀನಲ್ಲ, ಹಾಗೆ. ಸಾರ್ ಉಳಿದದ್ದು ಕೊಡ್ತಾರೆ. ಮೇಟ್ರನ್ನೂ ಕೊಟ್ರು. ‘ಲಾಂಡ್ರಿ ಕೆಲಸ ಕಷ್ಟ ಅಂತ, ಅಲ್ವಾ?’ ಅಂದ್ರು. ನಾನು ಹೌದು ಅಂದೆ.” ಸ್ವಲ್ಪ ಹೊತ್ತು ಕೆಮ್ಮಿದಳು. “ಪಾಠದಲ್ಲಿ ಹೌದು ಅಂದ್ರೆ ಚಪ್ಪಾಳೆ. ಅಲ್ಲಿ ಹೌದು ಅಂದೆ, ಅವರು ಬಾಯಲ್ಲಿ ಹೇಳ್ತಾ ಕಾಗದದಲ್ಲಿ ಬರೆದ್ರು, ಇವಳು ಕೆಲಸಗಳ್ಳಿ.”

ನನ್ನ ಕೈ ನಿಂತುಹೋಯಿತು. ಅವಳ ದುಃಖ ನನಗೂ ತಾಗಿದ್ದು ನಿಜ. ಅದಕ್ಕಿಂತ ಮುಂಚೆ ಇನ್ನೊಂದು ತಲೆಗೆ ಹೊಳೆಯಿತು. ಇವಳು ನನ್ನ ಹತ್ತಿರ ಪೂರ್ತಿ ಮಾತಾಡುತ್ತಿದ್ದಾಳೆ. ಸೊಟ್ಟಗೋ ಪಟ್ಟಗೋ, ಶುರುವಿನಿಂದ ಕೊನೆಯವರೆಗೆ. ಇವತ್ತು ಮಾತ್ರವಲ್ಲ, ಎಷ್ಟೋ ತಿಂಗಳಿನಿಂದ. ಯಾಕೆಂದರೆ ನನ್ನ ಬಾಯಲ್ಲಿ ಪಿನ್ನಿದೆ.

ಆ ಸಂಜೆ ಇವರು ಬಂದು ಒಂದು ಶೂ ಬಿಚ್ಚಿ ಕೂತಾಗ ನಾನು ಎದುರಿಗೆ ನಿಂತೆ.

“ಚಾದರದಕ್ಕನಿಗೆ...”

“ಕೆಲಸ ಸಿಕ್ತಾ? ನಾನು ಹೇಳಿರಲಿಲ್ವಾ!”

“ಇಲ್ಲ ರೀ. ಅವಳು ಅಲ್ಲಿ...”

“ಹೆದರಿಬಿಟ್ಟಳು. ಪಾಪ, ಎಲ್ಲರಿಗೂ ಆಗುತ್ತೆ.”

“ಹೆದರಲಿಲ್ಲ. ನೀವು...”

“ನಾನು ಜೊತೆಗೆ ಹೋಗಬೇಕಿತ್ತು, ಅಷ್ಟೇ ತಾನೇ?”

ನನಗೆ ಎಲ್ಲಿತ್ತೋ ಸಿಟ್ಟು. ಕೈಯಲ್ಲಿದ್ದ ಲೋಟವನ್ನು ಮೇಜಿನ ಮೇಲೆ ಕುಕ್ಕಿದೆ. “ಬಾಯಿ ಮುಚ್ಚಿ! ಒಂದು ಸಲ, ಒಂದೇ ಒಂದು ಸಲ ನನ್ನ ಮಾತು ನಾನೇ ಮುಗಿಸ್ತೀನಿ!” ಅಂದೆ. ಹೀಗೆ ನಾನು ಯಾವತ್ತೂ ಅಂದವಳಲ್ಲ. ಇವರು ಬಿಚ್ಚದ ಶೂ ಕಡೆ ನೋಡುತ್ತಾ ಕೂತರು. ನಾನು ನಡೆದದ್ದನ್ನೆಲ್ಲ ಹೇಳಿದೆ, ಪಿನ್ನಿನ ವಿಷಯವನ್ನೂ ಹೇಳಿದೆ. ದೀಪದ ಬುಡದಲ್ಲೇ ಕತ್ತಲೆ ಅಂತಾರಲ್ಲ, ಹಾಗಾಯಿತು ನಿಮ್ಮ ಪಾಠ ಅಂತಲೂ ಸೇರಿಸಿದೆ. ಸಿಟ್ಟಿನಲ್ಲಿ ಅದೊಂದು ಹೆಚ್ಚಾಯಿತೇನೋ.

ಇವರು ತೋಳಿನ ಸೀಮೆಸುಣ್ಣದ ಪುಡಿ ಒರೆಸಿಕೊಂಡರು. ಆಮೇಲೆ ಮೆಲ್ಲಗೆ ಅಂದರು, “ನೀನು ಹೇಳೋದು ಸರಿ ಇರಬಹುದು ಕಣೇ. ಆದರೆ ಕಾಯೋಕೆ ಎಷ್ಟು ಸುಸ್ತಾಗುತ್ತೆ ಗೊತ್ತಾ? ಅವರೂ ಬೆಳಿಗ್ಗೆ ಐದರಿಂದ ದುಡಿದು ಬಂದಿರ್ತಾರೆ. ಒಂದು ಮಾತಿಗೆ ತಡಕಾಡ್ತಾ ನಿಂತಾಗ ಅವರ ಮುಖ ನೋಡೋಕಾಗಲ್ಲ. ನಾನು ಹೇಳಿಬಿಟ್ಟರೆ ಅವರಿಗೂ ಹಗುರ, ನನಗೂ ಹಗುರ. ಪಾಠದಲ್ಲಿ ಮೊದಮೊದಲು ಕಾಯ್ತಾ ಇದ್ದೆ. ಯಾವಾಗ ಬಿಟ್ಟೆನೋ ನೆನಪಿಲ್ಲ.”

ಅದನ್ನು ಕೇಳಿ ನನ್ನ ಸಿಟ್ಟೆಲ್ಲ ಇಳಿದುಹೋಯಿತು. ಬಗ್ಗಿ ಇನ್ನೊಂದು ಶೂ ನಾನೇ ಬಿಚ್ಚಿದೆ.

ಎರಡನೇ ಇಂಟರ್‌ವ್ಯೂಗೆ ಎಂಟು ವಾರ ಉಳಿದಿತ್ತು. ಉಪಾಯ ನನ್ನದೇ. ಪಿನ್ನು ಇವರ ಬಾಯಿಗೆ ಕೊಟ್ಟರೆ ನುಂಗಿ ಆಸ್ಪತ್ರೆ ಸೇರುತ್ತಾರೆ. ಅದಕ್ಕೆ, “ಪಾಠದಲ್ಲಿ ಅವರು ಮಾತಾಡೋ ಹೊತ್ತಿಗೆ ಬಾಯಿ ತುಂಬ ನೀರು ಇಟ್ಟುಕೊಳ್ಳಿ. ಅವರು ಮುಗಿಸಿದ ಮೇಲೆ ನುಂಗಿ” ಅಂದೆ. ಇವರು ನಕ್ಕರು. ನಾನು ನಗಲಿಲ್ಲ.

ಶನಿವಾರ ನನಗೆ ಅರ್ಧ ದಿನ ರಜೆ. ಇವರು ಮಾತಿಗೆ ತಪ್ಪದ ಹಾಗೆ ನೋಡಿಕೊಳ್ಳಲು ನಾನೇ ಹೋಗಿ ಹಿಂದಿನ ಬೆಂಚಿನಲ್ಲಿ ಕೂತೆ. ಹನ್ನೊಂದು ಜನರಿದ್ದರು. ಬೇಕರಿಯವನ ಹುಬ್ಬಿನಲ್ಲಿ ಹಿಟ್ಟು, ಬಸ್ಸು ತೊಳೆಯುವವನ ಪ್ಯಾಂಟು ಮಂಡಿಯವರೆಗೆ ಒದ್ದೆ. ಒಬ್ಬ ಮುದುಕ ಕಾವಲುಗಾರ ಕೂತಲ್ಲೇ ತೂಗುತ್ತಿದ್ದ. ಚಾದರದಕ್ಕ ಕಿಟಕಿ ಪಕ್ಕ ಕೂತು ಕರವಸ್ತ್ರದಲ್ಲಿ ಕೆಮ್ಮುತ್ತಿದ್ದಳು. ಮೇಜಿನ ಮೇಲೆ ನೀರಿನ ಜಗ್ಗು.

ಮೊದಲ ಗುಟುಕು ಅಭ್ಯಾಸಬಲದಿಂದ ನುಂಗಿ ಮಾತಾಡಿಬಿಟ್ಟರು. ಎರಡನೆಯದೂ ಹೋಯಿತು. ನಾನು ಹಿಂದಿನಿಂದ ಕಣ್ಣು ಬಿಟ್ಟೆ. ಮೂರನೆಯದು ನಿಂತಿತು. ಕೆನ್ನೆ ಉಬ್ಬಿಸಿಕೊಂಡು ಕೂತ ಮೇಷ್ಟ್ರನ್ನು ನೋಡಿ ಎಲ್ಲರೂ ಮುಖ ಮುಖ ನೋಡಿಕೊಂಡರು. ಹಲ್ಲು ನೋವಿರಬೇಕು ಅಂತ ಬೇಕರಿಯವನು ತನ್ನ ದವಡೆ ಮುಟ್ಟಿ ತೋರಿಸಿದ. ಆ ದಿನ ಇವರು ಕುಡಿದ ನೀರಿಗೆ ಮೂರು ಸಲ ಮೆಟ್ಟಿಲು ಇಳಿದು ಹೋಗಿ ಬರಬೇಕಾಯಿತು.

ಮುದುಕ ಕಾವಲುಗಾರನ ಸರದಿ ಬಂತು. “ನಿನ್ನೆ ನನ್ನ...” ಅಂದು ನಿಲ್ಲಿಸಿದ. ಇವರ ಕಡೆ ನೋಡಿದ. ಇವರ ಕಣ್ಣು ಒದ್ದಾಡುತ್ತಿತ್ತು. ‘ಟಾರ್ಚು ಕಳೆದುಹೋಯಿತು’ ಅನ್ನುವುದು ಇವರ ಗಂಟಲಲ್ಲಿ ಬಂದು ನಿಂತಿದೆ ಅಂತ ನನಗೆ ಗೊತ್ತಾಯಿತು, ಹಿಂದಿನ ವಾರ ಅವನು ಟಾರ್ಚು ಕಳೆದುಕೊಂಡದ್ದನ್ನು ಇವರು ಮನೆಯಲ್ಲಿ ಹೇಳಿದ್ದರು. ಕೆಳಗೆ ಒಂದು ಬಸ್ಸು ಹೊರಟಿತು. ಗಾಜು ನಡುಗಿ ನಿಂತಿತು. ನನಗೇ ಕೂತಲ್ಲಿ ಬೆವರು.

“ನಿನ್ನೆ ನನ್ನ ಮಗಳು ಫೋನ್ ಮಾಡಿತು” ಅಂದ ಮುದುಕ. “ಎರಡು ವರ್ಷ ಮಾತು ಇಲ್ಲ. ನಿನ್ನೆ ಮಾಡಿತು.”

ಯಾರೂ ಚಪ್ಪಾಳೆ ತಟ್ಟಲಿಲ್ಲ. ಬೇಕರಿಯವನು ತನ್ನ ಜಾಗದಲ್ಲೇ ತಿರುಗಿ “ಏನು ಹೇಳಿದಳು?” ಅಂತ ಕೇಳಿದ. ಇಪ್ಪತ್ತೆಂಟು ವರ್ಷದಲ್ಲಿ ಆ ಕೋಣೆಯಲ್ಲಿ ಒಬ್ಬ ಕಲಿಯುವವನು ಇನ್ನೊಬ್ಬನನ್ನು ಪ್ರಶ್ನೆ ಕೇಳಿದ್ದು ಅದೇ ಮೊದಲಂತೆ. ಅಲ್ಲಿಯವರೆಗೆ ಎಲ್ಲರೂ ಮಾತಾಡಿದ್ದು ಮೇಷ್ಟ್ರ ಜೊತೆಗೆ ಮಾತ್ರ. ಮನೆಗೆ ಬರುವ ದಾರಿಯಲ್ಲಿ ಇವರು ಅಂದರು, “ಅವನ ಮಾತಲ್ಲಿ ತಪ್ಪಿತ್ತು ಕಣೇ. ಆ ಹೊತ್ತಿಗೆ ನನಗೆ ಒಂದೂ ಕೇಳಿಸಲಿಲ್ಲ.”

ಅಲ್ಲಿಂದ ಎಲ್ಲ ಸುಸೂತ್ರವಾಯಿತು ಅಂತ ಹೇಳಿದರೆ ಬುರುಡೆಯಾಗುತ್ತದೆ. ‘ಮೇಷ್ಟ್ರು ಈಗ ಪಾಠ ಮಾಡಲ್ಲ, ನೀರು ಕುಡೀತಾರೆ’ ಅಂತ ಇಬ್ಬರು ಬರುವುದನ್ನೇ ಬಿಟ್ಟರು. ಪುಸ್ತಕ ಹದಿನಾಲ್ಕನೇ ಪಾಠದಲ್ಲಿ ಕಚ್ಚಿಕೊಂಡು ನಿಂತಿತು, ಮೇಲಿನವರು ಕಾರಣ ಕೇಳಿದರು. ಕೆಲವು ದಿನ ಇಡೀ ಎರಡು ಗಂಟೆಯಲ್ಲಿ ಆರೇಳು ಮಾತು ಹುಟ್ಟಿದರೆ ಹೆಚ್ಚು. ಇವರು ಮೊದಲಿಗಿಂತ ಹೆಚ್ಚು ದಣಿದು ಬರುತ್ತಿದ್ದರು. ಮಾತಾಡಿ ದಣಿಯುವುದಕ್ಕಿಂತ ಸುಮ್ಮನಿದ್ದು ದಣಿಯುವುದು ಎಲುಬಿನವರೆಗೂ ಇಳಿಯುತ್ತದಂತೆ. ಚಾದರದಕ್ಕ ಮಾತ್ರ ಒಂಬತ್ತನೇ ಪ್ರಶ್ನೆಗೆ ಬಂದಾಗಲೆಲ್ಲ ‘ಯಾಕೆಂದರೆ’ ಅಂದು ನಿಲ್ಲುತ್ತಿದ್ದಳು. ಇವರು ಕೆನ್ನೆ ಉಬ್ಬಿಸಿಕೊಂಡು ಕಾಯುತ್ತಿದ್ದರು. ಅವಳು ಕೊನೆಗೆ ತಲೆ ತಗ್ಗಿಸಿ ಕೂತುಬಿಡುತ್ತಿದ್ದಳು. ಎಂಟು ವಾರವೂ ಹೀಗೇ. ಅವಳ ಕೆಮ್ಮು ಮಾತ್ರ ಬೆಳೆಯುತ್ತಾ ಹೋಯಿತು. ನನ್ನ ಉಪಾಯದಿಂದ ಇವಳ ಅನ್ನಕ್ಕೆ ಕಲ್ಲು ಬಿತ್ತಲ್ಲಪ್ಪ, ಇನ್ನೊಮ್ಮೆ ಗಟ್ಟಿಯಾಗಿ ಉರು ಹೊಡೆಸಿದ್ದರೆ ಆಗಿಹೋಗುತ್ತಿತ್ತೇನೋ ಅಂತ ನಾನು ಒಳಗೊಳಗೇ ಬೇಯುತ್ತಿದ್ದೆ.

ಇಂಟರ್‌ವ್ಯೂ ದಿನ ಇವರು ರಜೆ ಹಾಕಿ ನನ್ನ ಹೊಲಿಗೆ ಕೋಣೆಗೆ ಬಂದು ಹರಿದ ಚಾದರಗಳ ರಾಶಿಯ ಪಕ್ಕ ಕೂತರು. ಮೇಟ್ರನ್ ಕೋಣೆ ಅದೇ ಪಡಸಾಲೆಯ ಕೊನೆಯಲ್ಲಿ. ಚಾದರದಕ್ಕ ಒಗೆದ ಸೀರೆಯುಟ್ಟು, ತಲೆ ಬಾಚಿ, ನಮ್ಮ ಕಡೆ ನೋಡದೆ ಹೋದಳು. ಹತ್ತು ನಿಮಿಷದ ಕೆಲಸ. ಅರ್ಧ ಗಂಟೆಯಾಯಿತು. ನಾನು ಒಂದೇ ಚಾದರಕ್ಕೆ ಎರಡು ಸಲ ತೇಪೆ ಹಾಕಿದೆ.

ಬಾಗಿಲಲ್ಲಿ ಬಂದು ನಿಂತಾಗ ಅವಳ ಮುಖ ಒದ್ದೆ. ಇವರು ಎದ್ದೇಬಿಟ್ಟರು. “ಆಗಲಿಲ್ಲ, ಅಲ್ವಾ? ಪರವಾಗಿಲ್ಲಮ್ಮ, ನಾನು ಮೇಟ್ರನ್ ಹತ್ತಿರ...”

ಚಾದರದಕ್ಕ ಕೈ ಎತ್ತಿದಳು. ಬ್ಲೀಚಿನಿಂದ ಬಿರಿದ ಕೈ. “ಇರಿ ಸಾರ್. ನಾನು ಹೇಳ್ತೀನಿ.”

ಇವರು ಬಾಯಿ ಮುಚ್ಚಿದರು, ನೀರಿಲ್ಲದೆ.

“ಮೇಟ್ರನ್ ಕೇಳಿದ್ರು, ವಾರ್ಡ್ ಯಾಕೆ. ನಾನು ಹೇಳಿದೆ, ಯಾಕೆಂದರೆ. ನಿಂತೆ. ಅವರು ಹೇಳಿದ್ರು, ‘ಕೆಮ್ಮು ಅಂತ, ಅಲ್ವಾ?’ ನಾನು ಹೇಳಿದೆ, ಅಲ್ಲ ಮೇಡಂ. ನನ್ನ ಮಾತು ಇನ್ನೂ ಮುಗಿದಿಲ್ಲ.” ಉಸಿರು ತೆಗೆದುಕೊಂಡಳು. ನಾವಿಬ್ಬರೂ ಕಾದೆವು. “ಆಮೇಲೆ ಹೇಳಿದೆ. ಏಳು ವರ್ಷ ನಾನು ಚಾದರ ನೋಡಿದೆ. ಚಾದರ ನೋಡಿದ್ರೆ ಗೊತ್ತು, ಯಾರಿಗೆ ರಕ್ತ, ಯಾರು ರಾತ್ರಿ ಅತ್ತರು, ಯಾರು ಹೋದರು. ಎಲ್ಲರ ಚಾದರ ನಾನು ಒಗೆದೆ. ಒಬ್ಬರದೂ ಮುಖ ನೋಡಿಲ್ಲ. ನನಗೆ ಮುಖ ನೋಡಬೇಕು ಮೇಡಂ. ಅದಕ್ಕೆ ವಾರ್ಡ್.”

ನನ್ನ ತುಟಿಯಿಂದ ಪಿನ್ನುಗಳು ಒಂದೊಂದಾಗಿ ಮೇಜಿನ ಮೇಲೆ ಬಿದ್ದವು. ಅದೇ ಚಾದರಗಳು ಎಷ್ಟೋ ವರ್ಷದಿಂದ ನನ್ನ ಕೈಯಲ್ಲೂ ಹಾದು ಹೋಗಿವೆ. ನಾನು ಕಂಡದ್ದು ಹರಿದ ಜಾಗ ಮಾತ್ರ.

“ಮೇಟ್ರನ್ ಸುಮ್ಮನೆ ಕೂತ್ರು. ಬಹಳ ಹೊತ್ತು. ಆಮೇಲೆ ಹೇಳಿದ್ರು, ಸೋಮವಾರದಿಂದ ಹೆಂಗಸರ ವಾರ್ಡ್. ಮೂರು ತಿಂಗಳು ನೋಡ್ತಾರಂತೆ.” ಇಷ್ಟು ಹೇಳಿ ಅವಳು ಗೋಡೆಗೆ ಒರಗಿದಳು. ಅತ್ತಳು, ಕೆಮ್ಮಿದಳು, ಮತ್ತೆ ಅತ್ತಳು. ಇವರು ತಮ್ಮ ಕರವಸ್ತ್ರ ಕೊಟ್ಟರು. ಶಾಬಾಸ್ ಅನ್ನಲಿಲ್ಲ, ಮಾತು ತಿದ್ದಲಿಲ್ಲ.

ಸಂಜೆ ನಾವಿಬ್ಬರೂ ಆಸ್ಪತ್ರೆ ಮುಂದಿನ ಬಸ್ ನಿಲ್ದಾಣದಲ್ಲಿ ಕೂತೆವು. ಸಂತೋಷವಾಗಬೇಕಿತ್ತು, ಆಗಿತ್ತು ಕೂಡ, ಆದರೆ ಇಬ್ಬರಿಗೂ ಮೈ ಹಿಂಡಿಹೋಗಿತ್ತು. ಇವರು ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ರಸ್ತೆ ನೋಡುತ್ತಿದ್ದರು. “ಆರು ತಿಂಗಳು ಅವಳ ಬಾಯಿಗೆ ನಾನು ‘ಸೇವೆ, ಸೇವೆ’ ಅಂತ ತುರುಕಿದೆ ಕಣೇ. ಒಳಗೆ ಇಷ್ಟು ಇಟ್ಟುಕೊಂಡಿದ್ದಳು. ಇನ್ನು ಎಷ್ಟು ಜನರದ್ದು ಹೀಗೆ ಮಾಡಿದ್ದೀನೋ” ಅಂದರು.

ಸ್ವಲ್ಪ ಹೊತ್ತಾದ ಮೇಲೆ ನನ್ನ ಕಡೆ ತಿರುಗಿದರು. “ನೀನೂ ದಿನಾ ಸಂಜೆ ಏನೋ ಹೇಳೋಕೆ ಬರ್ತೀಯ.”

“ನನಗೆ...” ಅಂದೆ.

ಅಷ್ಟೇ. ಮುಂದಿನದು ಬರಲಿಲ್ಲ. ಬಾಯಿ ತೆರೆದುಕೊಂಡು, ತಲೆ ಎತ್ತಿ, ಇವರ ಮುಖ ನೋಡುತ್ತಾ ಕೂತಿದ್ದೇನೆ, ಉಳಿದದ್ದನ್ನು ಇವರು ಕೊಡಲಿ ಅಂತ. ಚಾದರದಕ್ಕ ಆರು ತಿಂಗಳು ಕಲಿತದ್ದನ್ನು ನಾನು ಮೂವತ್ತೊಂದು ವರ್ಷ ಕಲಿತಿದ್ದೆ. ಅದು ಗೊತ್ತಾದಾಗ ನನಗೆ ಹೆದರಿಕೆಯಾಯಿತು.

ಇವರ ತುಟಿ ಅಲುಗಿತು. ‘ಮಂಡಿ’ ಅನ್ನುವುದು ಬಂದೇ ಬಿಟ್ಟಿತು ಅಂದುಕೊಂಡೆ. ಬರಲಿಲ್ಲ. ಕಾದರು. ನಮ್ಮ ಬಸ್ಸು ಬಂತು, ಬಾಗಿಲು ತೆರೆಯಿತು, ಕಂಡಕ್ಟರು ನಮ್ಮನ್ನೇ ನೋಡಿದ. ಇಬ್ಬರೂ ಏಳಲಿಲ್ಲ. ಬಸ್ಸು ಹೋಯಿತು.

“ನನಗೆ ಮಂಡಿ ನೋವಿಲ್ಲ ರೀ” ಅಂದೆ. “ಯಾವತ್ತೂ ಇರಲಿಲ್ಲ. ನನಗೆ ಸುಸ್ತಾಗಿದೆ.”